ಸೀಟಿಗೂ ಮೊದಲಿನ ಸಾಲ

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಕಾಲಿಟ್ಟ ಕೂಡಲೇ ಸಿಗುವುದು ಕೊಡಿಕೊಂಡ. ಶ್ರೀ ಸತ್ಯಸಾಯಿ ಜಿಲ್ಲೆಯ ಚಿಲಮತ್ತೂರು ಮಂಡಲದ ಊರು. ಇಲ್ಲಿಂದ ಪಡುವಣಕ್ಕೆ ತಿರುಗಿದರೆ ಲೇಪಾಕ್ಷಿ, ಅಲ್ಲಿಂದ ಮುಂದೆ ಹಿಂದೂಪುರ. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ ಆಡುತ್ತ ಬೆಳೆಯುವ ಮಕ್ಕಳ ಸೀಮೆ ಇದು. ಊರನ್ನು ಜನ ಇಂದಿಗೂ ಕೊಡಿಕೊಂಡ ಚೆಕ್‌ಪೋಸ್ಟ್ ಎಂದೇ ಕರೆಯುತ್ತಾರೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು, ಸರಕಿನ ಲಾರಿಗಳನ್ನು ನಿಲ್ಲಿಸಿ ತೆರಿಗೆ ನೋಡುವ ಕೆಲಸ ಮುಗಿಯಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಗೆ, ಅಂದರೆ ಎನ್‌ಟಿಎಗೆ, ಒಪ್ಪಿಗೆ ಕೊಟ್ಟಿತು. ಸರಕಿಗೆ ದಾರಿ ಬಿಟ್ಟ ವರ್ಷವೇ ಮಕ್ಕಳ ದಾರಿಯಲ್ಲಿ ಹೊಸದೊಂದು ಸುಂಕದ ಕಟ್ಟೆ ಎದ್ದಿತು.

ಲೆಕ್ಕದಿಂದಲೇ ಹೊರಡೋಣ. ಇಂಟರ್ ಎರಡನೇ ವರ್ಷದಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಓದುತ್ತಿರುವ, ಹಿಂದುಳಿದ ವರ್ಗಕ್ಕೆ ಸೇರಿದ ಹುಡುಗನೊಬ್ಬ ಎಂಜಿನಿಯರಿಂಗ್ ಓದಬೇಕೆಂದು ಹೊರಟಿದ್ದಾನೆ ಎನ್ನಿ. 2025ರ ದರಗಳಂತೆ ಆಂಧ್ರದ ಇಎಪಿಸೆಟ್‌ಗೆ (ಊರವರ ಬಾಯಲ್ಲಿ ಅದಿನ್ನೂ ಎಂಸೆಟ್ಟೇ) 550 ರೂಪಾಯಿ. ಜೆಇಇ ಮೇನ್‌ಗೆ 900. ಅದು ಜನವರಿಗೊಮ್ಮೆ, ಏಪ್ರಿಲ್‌ಗೊಮ್ಮೆ ನಡೆಯುವುದರಿಂದ, ಮತ್ತು ಎರಡು ಸಲ ಬರೆದವನಿಗೆ ಒಳ್ಳೆಯ ಅಂಕ ಉಳಿಯುವುದರಿಂದ, 1,800. ಅದರಲ್ಲಿ ದಾಟಿದರೆ ಜೆಇಇ ಅಡ್ವಾನ್ಸ್‌ಡ್‌ಗೆ 3,200. ಬೆಂಗಳೂರಿನ ಖಾಸಗಿ ಕಾಲೇಜುಗಳ ಮೇಲೆ ಆಸೆ ಇದ್ದರೆ ಕಾಮೆಡ್‌-ಕೆಗೆ 1,950. ವೆಲ್ಲೂರಿನ ವಿಐಟಿಗೆ 1,350. ಒಟ್ಟು 8,850 ರೂಪಾಯಿ. ಆಂಧ್ರದಲ್ಲಿ 2025-26ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 307 ರೂಪಾಯಿ. ಶೇಂಗಾ ಹೊಲ ಒಣಗಿದ ವರ್ಷ ಆ ಹುಡುಗನ ತಾಯಿ ಇಪ್ಪತ್ತೊಂಬತ್ತು ದಿನ ಮಣ್ಣು ಹೊತ್ತರೆ ಈ ಅರ್ಜಿಗಳ ದುಡ್ಡು ಹುಟ್ಟುತ್ತದೆ. ಇದರಲ್ಲಿ ಒಂದು ಪೈಸೆಯೂ ಓದಿಗೆ ಹೋಗಿಲ್ಲ. ಸೀಟು ಸಿಕ್ಕಿಲ್ಲ, ಸಿಗುತ್ತದೆಂಬ ಭರವಸೆಯೂ ಇಲ್ಲ.

ಹುಡುಗಿಯರಿಗೆ ಜೆಇಇ ಎರಡರಲ್ಲೂ ರಿಯಾಯಿತಿ ಇದೆ: ಮೇನ್‌ಗೆ 800, ಅಡ್ವಾನ್ಸ್‌ಡ್‌ಗೆ 1,600. ಪರಿಶಿಷ್ಟರಿಗೆ ಮೇನ್‌ಗೆ 500. ವೈದ್ಯಕೀಯದ ನೀಟ್‌ಗೆ ಸಾಮಾನ್ಯ ವರ್ಗದವರು 1,700, ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರು 1,600, ಪರಿಶಿಷ್ಟರು ಮತ್ತು ಅಂಗವಿಕಲರು 1,000 ಕಟ್ಟಬೇಕು. ಈ ಪಟ್ಟಿಯಲ್ಲಿ ನನ್ನನ್ನು ಬಹಳ ಕಾಡುವುದು ಆ 1,600. ಮಾವಿನ ತೋಪಿನ ಕಾವಲುಗಾರನ ಮಗಳಿಗೂ ಸಾಮಾನ್ಯ ವರ್ಗದ ಸಿರಿವಂತರ ಮಗನಿಗೂ ನಡುವೆ ಸರ್ಕಾರ ಕಂಡ ಅಂತರ ಬರೀ ನೂರು ರೂಪಾಯಿ. ರಿಯಾಯಿತಿ ಜಾತಿಯನ್ನೂ ಲಿಂಗವನ್ನೂ ನೋಡುತ್ತದೆ, ನೋಡಲೇಬೇಕು. ಆದರೆ ಮನೆಯ ಆದಾಯ ನೋಡಿ ಶುಲ್ಕವನ್ನು ಪೂರ್ತಿ ಬಿಡುವ ಏರ್ಪಾಡು ಇವುಗಳಲ್ಲಿ ಯಾವುದರಲ್ಲೂ ಇಲ್ಲ.

ಕಾನೂನು ಓದಬೇಕೆನ್ನುವವರ ಪಾಡು ಇನ್ನೂ ಕಷ್ಟ. ಕೊಡಿಕೊಂಡದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲೇ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಇದೆ. ಅದರ ಬಾಗಿಲಾದ ಕ್ಲಾಟ್ ಬರೆಯಲು ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟರಿಗೂ ಬಡತನ ರೇಖೆಯ ಕೆಳಗಿನವರಿಗೂ 3,500. ಇದೇ ದೇಶದಲ್ಲಿ ಐಎಎಸ್ ಆಗಲು ಬರೆಯುವ ಕೇಂದ್ರ ಲೋಕಸೇವಾ ಆಯೋಗದ ಪ್ರಿಲಿಮ್ಸ್‌ಗೆ ನೂರೇ ರೂಪಾಯಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಅದೂ ಇಲ್ಲ. ಲಕ್ಷಾಂತರ ಮಂದಿಯ ಪರೀಕ್ಷೆಯನ್ನು ನೂರು ರೂಪಾಯಿ ಇಟ್ಟುಕೊಂಡು ನಡೆಸುವ ಸರ್ಕಾರವೇ ಹದಿನೇಳು ವರ್ಷದ ಮಗುವಿನ ಹತ್ತಿರ ಸಾವಿರಗಟ್ಟಲೆ ಕೇಳುವುದನ್ನು ನೋಡಿಯೂ ಸುಮ್ಮನಿದೆ. ಇದಕ್ಕೆ ಒಪ್ಪುವಂಥ ಕಾರಣವನ್ನು ನಾನು ಎಲ್ಲೂ ಕಂಡಿಲ್ಲ.

ಶುಲ್ಕ ಕಣ್ಣಿಗೆ ಕಾಣುವ ಖರ್ಚು. ಕಾಣದ್ದು ಅದಕ್ಕಿಂತ ಹೆಚ್ಚು. ನೆಟ್ ಸೆಂಟರಿನವರಿಗೆ ಅರ್ಜಿ ತುಂಬಿಸಿದ್ದಕ್ಕೆ ಕೊಡಬೇಕು. ನೀಟ್ ಕೇಳುವ ಪೋಸ್ಟ್‌ಕಾರ್ಡ್ ಅಳತೆಯ ಫೋಟೊ ತೆಗೆಸಬೇಕು. ಕೇಂದ್ರ ಸರ್ಕಾರದ ನಮೂನೆಯಲ್ಲಿ ಹೊಸದಾಗಿ ಜಾತಿ, ಆದಾಯದ ಸರ್ಟಿಫಿಕೇಟಿಗೆ ಓಡಾಡಬೇಕು. ಬೆಳಗಿನ ಒಂಬತ್ತರ ಜೆಇಇ ಪಾಳಿಗೆ ಕಲ್ಯಾಣದುರ್ಗದ ಕಡೆಯ ಹಳ್ಳಿಯಿಂದ ಅನಂತಪುರ ಸೇರಬೇಕಾದರೆ ಹಿಂದಿನ ರಾತ್ರಿಯೇ ಹೊರಟು ಎಲ್ಲಾದರೂ ತಂಗಬೇಕು. ಹೆಣ್ಣುಮಗಳಾದರೆ ಅಪ್ಪನೋ ಅಣ್ಣನೋ ಜೊತೆಗೆ ಹೋಗುತ್ತಾರೆ, ಅವರ ಎರಡು ದಿನದ ಕೂಲಿ ಹೋಗುತ್ತದೆ. ಪರೀಕ್ಷೆ ಮುಗಿದು ಕೀ ಉತ್ತರ ಬಂದಾಗ ಅದರಲ್ಲಿ ತಪ್ಪು ಕಂಡರೆ, ಎನ್‌ಟಿಎಗೆ ಅದನ್ನು ತಿಳಿಸಲು ಪ್ರಶ್ನೆಗೆ 200 ರೂಪಾಯಿ. ತಪ್ಪು ಪರೀಕ್ಷೆ ನಡೆಸಿದವರದು, ಅದನ್ನು ತೋರಿಸುವ ಖರ್ಚು ಬರೆದವರದು. ಈ ಒಂದು ನಿಯಮವನ್ನಂತೂ ನಾಳೆಯೇ ತೆಗೆಯಬೇಕು.

ಆಮೇಲೆ ಕೌನ್ಸೆಲಿಂಗ್. ಇಎಪಿಸೆಟ್ ಕೌನ್ಸೆಲಿಂಗಿಗೆ 1,200 ರೂಪಾಯಿ, ಪರಿಶಿಷ್ಟರಿಗೆ 600. ನೀಟ್‌ನ ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರು 1,000 ನೋಂದಣಿ ಶುಲ್ಕ, ಅದರ ಮೇಲೆ 10,000 ಠೇವಣಿ ಇಡಬೇಕು. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ಕೇಳುವವರ ಠೇವಣಿ ಎರಡು ಲಕ್ಷ. ಠೇವಣಿ ವಾಪಸು ಬರುತ್ತದೆ, ನಿಜ. ಆದರೆ ಅದು ಬರುವ ತನಕ ಬಡ್ಡಿ ಬೆಳೆಯುತ್ತಿರುತ್ತದೆ, ಏಕೆಂದರೆ ಈ ಸೀಮೆಯಲ್ಲಿ ಹತ್ತು ಸಾವಿರ ಒಟ್ಟಿಗೆ ಬೇಕೆಂದರೆ ಕೈಸಾಲವೇ ಗತಿ. ಕೋಚಿಂಗ್ ಖರ್ಚನ್ನು ನಾನು ಇಲ್ಲಿ ಬೇಕೆಂದೇ ತರುತ್ತಿಲ್ಲ. ಅದು ಇದರ ಹತ್ತಾರು ಪಟ್ಟು ದೊಡ್ಡದು. ಆದರೆ ಕೋಚಿಂಗ್ ಬೇಡವೆಂದು ಮನೆಯಲ್ಲೇ ಓದಿಕೊಳ್ಳುವ ಮಕ್ಕಳಿದ್ದಾರೆ. ಪರೀಕ್ಷಾ ಶುಲ್ಕ ಬೇಡವೆನ್ನಲು ಯಾರಿಗೂ ಆಗದು.

ಈ ಪರೀಕ್ಷೆಗಳು ಬಂದದ್ದೇ ಬಡವರ ಮಕ್ಕಳಿಗಾಗಿ ಎಂಬುದನ್ನು ಮರೆಯಬಾರದು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳು ಕ್ಯಾಪಿಟೇಶನ್ ಹಣಕ್ಕೆ ಬಿಕರಿಯಾಗುತ್ತಿದ್ದವು. ಆಂಧ್ರ 1983ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ಕಾಯಿದೆಯಿಂದ ನಿಷೇಧಿಸಿತು, ಎಂಸೆಟ್ ಶುರುವಾದದ್ದೂ ಆ ದಶಕದಲ್ಲೇ. ಕರ್ನಾಟಕದ ಕಾಯಿದೆ 1984ರದು. ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ಕೊಟ್ಟ ತೀರ್ಪಿನ ಬೆನ್ನಿಗೆ, 1994ರಲ್ಲಿ ಕರ್ನಾಟಕ ಸಿಇಟಿ ಘಟಕವನ್ನು ತೆರೆಯಿತು. ಹಳ್ಳಿಯ ಮಕ್ಕಳು ಯಾರ ಶಿಫಾರಸೂ ಇಲ್ಲದೆ ಬೆಂಗಳೂರಿನ ಒಳ್ಳೆಯ ಕಾಲೇಜು ಸೇರಿದ್ದು ಸಿಇಟಿಯಿಂದ. ಅದನ್ನು ಕಣ್ಣಾರೆ ಕಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. 2002ರ ಟಿ.ಎಂ.ಎ. ಪೈ ತೀರ್ಪಿನ ನಂತರ ಖಾಸಗಿ ಕಾಲೇಜುಗಳು ತಮ್ಮದೇ ಪರೀಕ್ಷೆಗೆ ಹೊರಟವು. 2004ರಲ್ಲಿ ಕಾಮೆಡ್‌-ಕೆ ಹುಟ್ಟಿತು. ಒಂದು ಬಾಗಿಲು ಎರಡಾಯಿತು. ಖಾಸಗಿ ವಿಶ್ವವಿದ್ಯಾಲಯಗಳು ಹೆಚ್ಚಿದಂತೆ ಎರಡು ಹತ್ತಾಯಿತು.

ವೈದ್ಯಕೀಯದಲ್ಲಿ ಮಾತ್ರ ಗಾಳಿ ಇನ್ನೊಂದು ದಿಕ್ಕಿಗೆ ಬೀಸಿತು. ನೀಟ್‌ಗೆ ಮೊದಲು ಡಾಕ್ಟರಾಗಬೇಕೆನ್ನುವವರು ಎಐಪಿಎಂಟಿ, ಏಮ್ಸ್, ಜಿಪ್ಮರ್, ರಾಜ್ಯದ ಸಿಇಟಿ, ಕಾಮೆಡ್‌-ಕೆ ಎಂದು ಊರೂರು ಅಲೆಯಬೇಕಿತ್ತು. 2016ರಲ್ಲಿ ನೀಟ್ ಮರಳಿ ಬಂತು, 2020ರಲ್ಲಿ ಏಮ್ಸ್, ಜಿಪ್ಮರ್ ಕೂಡ ಅದರೊಳಗೆ ಸೇರಿದವು. ನೀಟ್ ಮೇಲೆ ನೂರು ದೂರುಗಳಿವೆ, ನನ್ನವೂ ಇವೆ. ಆದರೆ ಅರ್ಜಿಗಳ ಸಂಖ್ಯೆಯನ್ನು ಅದು ಇಳಿಸಿತು ಎಂಬುದನ್ನು ಒಪ್ಪಲೇಬೇಕು. ಎಂಜಿನಿಯರಿಂಗಿಗೆ ಆ ಭಾಗ್ಯ ಬರಲಿಲ್ಲ. ಅದೇ ಭೌತಶಾಸ್ತ್ರ, ಅದೇ ಗಣಿತದ ಪ್ರಶ್ನೆಗಳನ್ನು ಐದು ಸಂಸ್ಥೆಗಳು ಐದು ಸಲ ಕೇಳಿ ಐದು ಸಲ ಹಣ ಪಡೆಯುತ್ತವೆ. ಮಕ್ಕಳ ಸಿಟ್ಟಿನ ಬುಡ ಇರುವುದು ಇಲ್ಲಿ. ಯಾವುದೋ ಒಂದು ಶುಲ್ಕ ಹೆಚ್ಚಾಯಿತೆಂದು ಅವರು ಬೇಸರಪಡುತ್ತಿಲ್ಲ. ಒಮ್ಮೆ ತೋರಿಸಿದ ಯೋಗ್ಯತೆಯನ್ನು ಮತ್ತೆ ಮತ್ತೆ ದುಡ್ಡು ಕೊಟ್ಟು ತೋರಿಸಬೇಕೇಕೆ, ಕಾಲೇಜು ತನಗೆ ಬೇಕಾದವರನ್ನು ಆರಿಸಿಕೊಳ್ಳುವ ಖರ್ಚನ್ನು ಆಯ್ಕೆಯೇ ಆಗದವರೂ ಹೊರಬೇಕೇಕೆ ಎಂದು ಕೇಳುತ್ತಾರೆ.

ಮೊದಲು ಬರೀ ಅಂಕಪಟ್ಟಿ ನೋಡಿ ಸೇರಿಸಿಕೊಳ್ಳುತ್ತಿದ್ದ ಬಿಎ, ಬಿಎಸ್ಸಿಗಳಿಗೂ ಈಗ ಇದು ಹಬ್ಬಿದೆ. ಅನಂತಪುರದಲ್ಲಿ 2018ರಲ್ಲಿ ಆಂಧ್ರಪ್ರದೇಶ ಕೇಂದ್ರೀಯ ವಿಶ್ವವಿದ್ಯಾಲಯ ಶುರುವಾದಾಗ ಈ ಬರದ ಸೀಮೆಗೆ ದೊಡ್ಡದೊಂದು ವಿದ್ಯಾಕೇಂದ್ರ ಬಂತೆಂದು ಎಲ್ಲರಿಗೂ ಸಂತೋಷವಾಯಿತು. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗೆ ಸಿಯುಇಟಿ ಬಂದಿದೆ. ಆ ವರ್ಷ ಸಾಮಾನ್ಯ ವರ್ಗಕ್ಕೆ 650 ರೂಪಾಯಿ ಇದ್ದ ಅದರ ಶುಲ್ಕ 2024ರ ಹೊತ್ತಿಗೆ ಮೂರು ವಿಷಯಗಳಿಗೆ 1,000 ಆಗಿತ್ತು; ಅದಕ್ಕಿಂತ ಹೆಚ್ಚಿನ ಪ್ರತಿ ವಿಷಯಕ್ಕೆ ಮತ್ತೆ 400. ಮನೆಯ ಹತ್ತಿರದ ವಿಶ್ವವಿದ್ಯಾಲಯಕ್ಕೆ ಸೇರಲು ದೇಶದ ಪರೀಕ್ಷೆ, ದೇಶದ ದರ.

ಗಡಿಯ ಮಕ್ಕಳ ಕಷ್ಟ ಇನ್ನೊಂದು ಬಗೆಯದು. ಅದರ ಬಗ್ಗೆ ಬೆಂಗಳೂರಿನಲ್ಲೂ ಅಮರಾವತಿಯಲ್ಲೂ ಮಾತಾಡುವವರು ಕಡಿಮೆ. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ರಾಯದುರ್ಗ, ಡಿ. ಹಿರೇಹಾಳು ಕಡೆ ಕನ್ನಡ ಮನೆಮಾತಿನವರು ಊರು ತುಂಬ ಇದ್ದಾರೆ. ರಾಯದುರ್ಗವಂತೂ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು; ಆದೋನಿ, ಆಲೂರುಗಳ ಜೊತೆಗೆ ಅಂದು ಆಂಧ್ರಕ್ಕೆ ಹೋಯಿತು. ಇಲ್ಲಿ ಸರ್ಕಾರಿ ಕನ್ನಡ ಶಾಲೆಗಳಿವೆ. ಹತ್ತನೆಯ ತರಗತಿಯ ಪರೀಕ್ಷೆಯನ್ನು ಆಂಧ್ರ ಸರ್ಕಾರ ಕನ್ನಡದಲ್ಲೂ ನಡೆಸುತ್ತದೆ. ಅಲ್ಲಿಗೆ ಕನ್ನಡದ ದಾರಿ ಮುಗಿಯುತ್ತದೆ. ಇಎಪಿಸೆಟ್‌ನಲ್ಲಿ ಕನ್ನಡ ಇಲ್ಲ. ನೀಟ್ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಬರೆಯಬಹುದು ಎಂದು ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಎರಡರ ಮಾಹಿತಿ ಪುಸ್ತಿಕೆಯಲ್ಲೂ ಭಾಷೆಗಳ ಪಟ್ಟಿ ನೋಡಿ: ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಅನಂತಪುರದಲ್ಲಿ ಕೂತು ಬರೆಯುವವರಿಗೆ ಇಂಗ್ಲಿಷು, ಹಿಂದಿ, ಉರ್ದು, ತೆಲುಗು. ಕಾಸರಗೋಡಿನ ಮಕ್ಕಳಿಗೂ ಇದೇ ಪಾಡು; ಅವರ ರಾಜ್ಯದ ಕೇಂದ್ರಗಳಲ್ಲಿ ಸಿಗುವುದು ಮಲಯಾಳ.

ನೀಟ್ ಬರೆಯಲು ಒಂದೇ ಶುಲ್ಕ ಕಟ್ಟಿದ ಇಬ್ಬರು ಮಕ್ಕಳು. ಒಬ್ಬಳು ಬಾಗೇಪಲ್ಲಿಯವಳು, ಇನ್ನೊಬ್ಬಳು ಗಡಿಯಾಚೆ ಕನ್ನಡ ಶಾಲೆಯಲ್ಲಿ ಕಲಿತವಳು. ಮೊದಲನೆಯವಳಿಗೆ ತನ್ನ ಭಾಷೆಯ ಪ್ರಶ್ನೆಪತ್ರಿಕೆ ಸಿಗುತ್ತದೆ, ಎರಡನೆಯವಳಿಗೆ ಇಲ್ಲ. ಕನ್ನಡದಲ್ಲೇ ಬರೆಯುತ್ತೇನೆಂದರೆ ಅವಳಿಗೆ ಕರ್ನಾಟಕದ ಕೇಂದ್ರವೇ ಬೇಕು. ಅದು ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಬಸ್ಸಿನ ಮಾತು ಬರುತ್ತದೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಅದು ಕರ್ನಾಟಕದಲ್ಲಿ ನೆಲೆಸಿದ ಮಹಿಳೆಯರಿಗೆ. ಆಂಧ್ರದ ಸ್ತ್ರೀಶಕ್ತಿ ಯೋಜನೆ 2025ರ ಆಗಸ್ಟ್ 15ರಿಂದ ಇದೆ, ಅದು ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸದು. ಎರಡು ರಾಜ್ಯಗಳೂ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಮಾಡಿದ ಕಾಲದಲ್ಲಿ ಗಡಿ ದಾಟಿ ಪರೀಕ್ಷೆಗೆ ಹೋಗುವ ಹುಡುಗಿ ಪೂರ್ತಿ ಟಿಕೆಟ್ ಕೊಳ್ಳುತ್ತಾಳೆ.

ಕರ್ನಾಟಕದ ಸಿಇಟಿ ಕಡೆ ತಿರುಗಿದರೂ ಕಥೆ ಹೆಚ್ಚು ಬೇರೆಯಲ್ಲ. ಅದರ ಶುಲ್ಕ ನಿಜಕ್ಕೂ ಕಡಿಮೆ: ಕರ್ನಾಟಕದವರಿಗೆ 500, ಮಹಿಳೆಯರಿಗೆ, ಪರಿಶಿಷ್ಟರಿಗೆ, ಪ್ರವರ್ಗ-1ಕ್ಕೆ 250. ಹೊರರಾಜ್ಯದವರಿಗೆ 750. ಗಡಿನಾಡ ಕನ್ನಡಿಗರಿಗೆ ಸೀಟಿನ ಅರ್ಹತೆ ಕೊಡುವ ನಿಯಮ ಒಂದಿದೆ. ಅದರಲ್ಲಿ ಹೆಸರಿಸಿರುವ ತಾಲ್ಲೂಕುಗಳು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಮಹಾಜನ ಆಯೋಗದ ಕಾಲದ ಗಡಿ ವಿವಾದದ ನಕ್ಷೆಯೇ ಪ್ರವೇಶದ ನಕ್ಷೆಯೂ ಆಯಿತು. ಮಡಕಶಿರಾ ಅದರಲ್ಲಿಲ್ಲ, ರಾಯದುರ್ಗ ಇಲ್ಲ, ಹಿಂದೂಪುರ, ಕಲ್ಯಾಣದುರ್ಗ ಯಾವುದೂ ಇಲ್ಲ. ಇಲ್ಲಿಯ ಕನ್ನಡದ ಮಕ್ಕಳು ಹೊರನಾಡು ಕನ್ನಡಿಗರ ನಿಯಮ ಹಿಡಿದು ಹೋಗಬೇಕು, ಮೇಲೊಂದು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಅದಕ್ಕೆ ಮತ್ತೊಂದು ಪ್ರಯಾಣ, ಮತ್ತೊಂದು ದಿನದ ಕೂಲಿ ಖೋತಾ. ನಾಡಿನ ಗಡಿ ಬಗ್ಗೆ ವೇದಿಕೆಗಳ ಮೇಲೆ ಬಿಸಿಯಾಗಿ ಮಾತಾಡುವ ನಾವು ಈ ಮಕ್ಕಳ ಬಸ್ ಚಾರ್ಜಿನ ಬಗ್ಗೆ ಒಂದು ಮಾತೂ ಆಡಿಲ್ಲ. ಇದು ನನಗೆ ನೋವಿನ ಸಂಗತಿ.

ಇಷ್ಟೆಲ್ಲ ಹಣ ಹೋಗುವುದೆಲ್ಲಿಗೆ? ಪರೀಕ್ಷೆ ನಡೆಸಲು ಖರ್ಚಿದೆ. ಕಂಪ್ಯೂಟರ್ ಕೇಂದ್ರ, ಕ್ಯಾಮೆರಾ, ಜಾಮರ್, ಮೇಲ್ವಿಚಾರಕರು ಪುಕ್ಕಟೆ ಬರುವುದಿಲ್ಲ. ಆದರೆ 2024ರ ಜುಲೈನಲ್ಲಿ ಕೇಂದ್ರದ ಶಿಕ್ಷಣ ರಾಜ್ಯ ಸಚಿವ ಸುಕಾಂತ ಮಜುಂದಾರ್ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ, ಎನ್‌ಟಿಎ ಆರು ವರ್ಷಗಳಲ್ಲಿ ಸಂಗ್ರಹಿಸಿದ್ದು ಸುಮಾರು 3,512.98 ಕೋಟಿ ರೂಪಾಯಿ, ಪರೀಕ್ಷೆಗಳಿಗೆ ಖರ್ಚು ಮಾಡಿದ್ದು 3,064.77 ಕೋಟಿ. ಉಳಿದದ್ದು 448 ಕೋಟಿ. ಲಾಭಕ್ಕಾಗಿ ಇರದ ಸರ್ಕಾರಿ ಸಂಸ್ಥೆಯ ಹತ್ತಿರ ಮಕ್ಕಳ ಹಣ ಇಷ್ಟು ಉಳಿಯಬಾರದು. ಶುಲ್ಕ ಇರದಿದ್ದರೆ ಬರೆಯುವ ಮನಸ್ಸಿಲ್ಲದವರೂ ಅರ್ಜಿ ಹಾಕುತ್ತಾರೆ, ಕೇಂದ್ರಗಳು ಖಾಲಿ ಬೀಳುತ್ತವೆ ಎಂಬ ವಾದ ಇದೆ. ಅದಕ್ಕೆ ರೈಲ್ವೆ ನೇಮಕಾತಿ ಮಂಡಳಿಗಳು 2018ರಲ್ಲೇ ಉತ್ತರ ಹುಡುಕಿದವು: 500 ರೂಪಾಯಿ ಕಟ್ಟಿದವರು ಮೊದಲ ಹಂತದ ಪರೀಕ್ಷೆಗೆ ಬಂದು ಕೂತರೆ 400 ವಾಪಸು; ಮಹಿಳೆಯರು, ಪರಿಶಿಷ್ಟರು ಕಟ್ಟಿದ 250 ಪೂರ್ತಿ ವಾಪಸು. ಪರಿಶಿಷ್ಟರಿಗೆ ರೈಲಿನ ಉಚಿತ ಪಾಸನ್ನೂ ಕೊಡುತ್ತಾರೆ. ಕೆಲಸ ಹುಡುಕುವವರಿಗೆ ಆಗುವುದು ವಿದ್ಯೆ ಹುಡುಕುವವರಿಗೆ ಏಕೆ ಆಗಬಾರದು?

ದುಡ್ಡು ಪಡೆದ ಸಂಸ್ಥೆ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರೆ ಸಿಟ್ಟು ಇಷ್ಟು ಏರುತ್ತಿರಲಿಲ್ಲ. 2024ರ ಬೇಸಿಗೆಯಲ್ಲಿ ನೀಟ್ ಪತ್ರಿಕೆ ಸೋರಿತು. ಕೃಪಾಂಕದ ಗೊಂದಲದಿಂದ 1,563 ಮಂದಿಗೆ ಮರುಪರೀಕ್ಷೆ ನಡೆಸಬೇಕಾಯಿತು. ಜೂನ್ 18ರಂದು ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಯುಜಿಸಿ-ನೆಟ್ ಮರುದಿನವೇ ರದ್ದಾಯಿತು. ಬೇರೆ ಮಂಡಳಿ ನಡೆಸುವ ನೀಟ್-ಪಿಜಿಯನ್ನು ಹಿಂದಿನ ರಾತ್ರಿ ಮುಂದೂಡಿದರು. ಆಗ ಎಷ್ಟೋ ಮಂದಿ ಬೇರೆ ಊರಿನ ಲಾಡ್ಜುಗಳಲ್ಲಿದ್ದರು. ಆ ಪ್ರಯಾಣದ, ಕೋಣೆ ಬಾಡಿಗೆಯ ಹಣವನ್ನು ಯಾರೂ ಹಿಂದಿರುಗಿಸಲಿಲ್ಲ.

ನೆರೆಯ ತಮಿಳುನಾಡು ಬೇರೆ ದಾರಿ ಹಿಡಿಯಿತು. ರಾಜ್ಯದ ಪ್ರವೇಶ ಪರೀಕ್ಷೆಯನ್ನು 2006-07ರ ಹೊತ್ತಿಗೆ ತೆಗೆದುಹಾಕಿತು. ಅಲ್ಲಿ ಎಂಜಿನಿಯರಿಂಗ್ ಸೀಟುಗಳನ್ನು ಇಂದಿಗೂ ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ ಹಂಚುತ್ತಾರೆ. ನೀಟ್ ಬಂದ ಮೇಲೆ ಅಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ತಮಿಳು ಮಾಧ್ಯಮದ ಮಕ್ಕಳ ಪಾಲು ಶೇಕಡ 15ರ ಆಸುಪಾಸಿನಿಂದ ಎರಡು ಮೂರಕ್ಕೆ ಇಳಿಯಿತೆಂದು ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ವರದಿ ಮಾಡಿತು. ಕರ್ನಾಟಕದ ವಿಧಾನಸಭೆಯೂ 2024ರ ಜುಲೈನಲ್ಲಿ ನೀಟ್ ಬೇಡವೆಂಬ ನಿರ್ಣಯ ಮಾಡಿದೆ. ಅಮೆರಿಕದಲ್ಲಿ ಎಸ್‌ಎಟಿ ದುಬಾರಿಯೇ, ಆದರೆ ಅಲ್ಲಿನ ಬಡ ಮನೆಯ ಮಕ್ಕಳು ಎರಡು ಸಲ ಶುಲ್ಕವಿಲ್ಲದೆ ಬರೆಯಬಹುದು. ಆಂಧ್ರ, ಕರ್ನಾಟಕಗಳಲ್ಲಿ ತಮಿಳುನಾಡಿನ ದಾರಿ ಹಾಗೇ ನಡೆಯುತ್ತದೆಂದು ನಾನು ಹೇಳಲಾರೆ. ಇಂಟರ್ ಅಂಕಗಳನ್ನು ಕಾರ್ಖಾನೆಯಂತೆ ತೆಗೆಸುವ ಕಾರ್ಪೊರೇಟ್ ಕಾಲೇಜುಗಳಿರುವ ರಾಜ್ಯದಲ್ಲಿ ಬರೀ ಅಂಕ ನೋಡಿದರೆ ಹಳ್ಳಿಯ ಸರ್ಕಾರಿ ಕಾಲೇಜಿನ ಮಗುವೇ ಮತ್ತೆ ಹಿಂದೆ ಬೀಳುತ್ತದೆ. ಪರೀಕ್ಷೆ ಇರಲಿ, ಅದರ ಹೊರೆ ಮಕ್ಕಳ ಮೇಲಿಂದ ಇಳಿಯಲಿ ಎಂಬುದು ನನ್ನ ನಿಲುವು.

ಅದು ಆಗದ ಮಾತಲ್ಲ. ಆಂಧ್ರ ಸರ್ಕಾರ ವರ್ಷಗಳಿಂದ ಕಾಲೇಜು ಶುಲ್ಕವನ್ನು ಮರುಪಾವತಿ ಮಾಡುತ್ತ ಬಂದಿದೆ; ತಲ್ಲಿಕಿ ವಂದನಂ ಯೋಜನೆಯಲ್ಲಿ ಇಂಟರ್ ಓದುವ ಮಕ್ಕಳ ತಾಯಂದಿರಿಗೂ ಹಣ ಕೊಡುತ್ತಿದೆ. ಸೀಟು ಸಿಕ್ಕವರಿಗೆ ಲಕ್ಷದವರೆಗೆ ಕೊಡುವ ರಾಜ್ಯಕ್ಕೆ, ಸರ್ಕಾರಿ ಕಾಲೇಜಿನ ಮಕ್ಕಳ ಒಂದು ಇಎಪಿಸೆಟ್, ಒಂದು ನೀಟ್ ಅಥವಾ ಜೆಇಇ ಶುಲ್ಕ ಭಾರವಾಗದು. ಎನ್‌ಟಿಎ ತನ್ನ ಉಳಿತಾಯದಿಂದ, ಪರೀಕ್ಷೆಗೆ ಹಾಜರಾದ ಬಡ ಮಕ್ಕಳ ಹಣವನ್ನು ರೈಲ್ವೆಯಂತೆ ಹಿಂದಿರುಗಿಸಬಹುದು. ಹಾಲ್ ಟಿಕೆಟ್ ತೋರಿಸಿದ ವಿದ್ಯಾರ್ಥಿಗೆ ಗಡಿ ದಾಟುವ ಬಸ್ಸಿನಲ್ಲೂ ಅಂದು ಟಿಕೆಟ್ ಬೇಡವೆಂದು ಎರಡು ಸಾರಿಗೆ ನಿಗಮಗಳು ಕೂತು ಒಪ್ಪಿಕೊಳ್ಳಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳಿಗೆ ಕೆಎಸ್‌ಆರ್‌ಟಿಸಿ ಇದನ್ನು ರಾಜ್ಯದೊಳಗೆ ಮಾಡಿ ತೋರಿಸಿದೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳ ಅರ್ಜಿ ಶುಲ್ಕವನ್ನು ಕಟ್ಟಿದರೆ ಅದಕ್ಕಿಂತ ದೊಡ್ಡ ಕನ್ನಡದ ಕೆಲಸ ಬೇರೆ ಬೇಕಿಲ್ಲ. ಸಿಇಟಿಯ ಗಡಿನಾಡ ಪಟ್ಟಿಗೆ ಆಂಧ್ರದ ಕನ್ನಡ ತಾಲ್ಲೂಕುಗಳನ್ನು ಸೇರಿಸಲು ಬೆಂಗಳೂರಿನಲ್ಲಿ ಒಂದು ಆದೇಶ ಹೊರಟರೆ ಸಾಕು. ಎಲ್ಲಕ್ಕಿಂತ ಸುಲಭದ್ದು ಪ್ರಶ್ನೆಪತ್ರಿಕೆಯ ಭಾಷೆ. ಕನ್ನಡದ ನೀಟ್ ಪತ್ರಿಕೆ ಹೇಗೂ ಪ್ರತಿವರ್ಷ ಸಿದ್ಧವಾಗುತ್ತದೆ. ಭಾಷಾ ಪಟ್ಟಿಯಲ್ಲಿ ಕನ್ನಡದ ಎದುರು ಕರ್ನಾಟಕದ ಜೊತೆಗೆ ಅನಂತಪುರ, ಕಾಸರಗೋಡು, ಸೊಲ್ಲಾಪುರ ಎಂದು ಮೂರು ಹೆಸರು ಸೇರಿಸಬೇಕು. ಮುಂದಿನ ಮಾಹಿತಿ ಪುಸ್ತಿಕೆ ಹೊರಬೀಳುವ ಮೊದಲು ಹಿಂದೂಪುರ, ಅನಂತಪುರದ ಸಂಸದರೂ ಗಡಿಯೀಚೆಯ ಚಿಕ್ಕಬಳ್ಳಾಪುರ, ಬಳ್ಳಾರಿಯ ಸಂಸದರೂ ಒಂದೇ ಪತ್ರಕ್ಕೆ ಸಹಿ ಹಾಕಿ ಶಿಕ್ಷಣ ಸಚಿವಾಲಯಕ್ಕೆ ಇದನ್ನು ಕೇಳಬೇಕು.